ಸಂಘವೋ, ಸಾಲದ ಸರಪಣಿಯೋ?

"ವಾರಕ್ಕೊಮ್ಮೆ ಕುಳಿತು ಹರಟೆ ಹೊಡೆಯುವ ಹೆಂಗಸರ ಗುಂಪಿಗೆ ಸಂಘವೆಂಬ ದೊಡ್ಡ ಹೆಸರೇಕೆ?" ಎಂದು ಕೇಳುವ ವಿದ್ಯಾವಂತರು ಇಂದಿಗೂ ಉಂಟು. "ಅದೆಲ್ಲ ಹಳ್ಳಿಗಾಡಿನ ವ್ಯವಹಾರ, ಊರು ನಗರವಾದ ಮೇಲೆ ಅದರಿಂದ ಪ್ರಯೋಜನವೇನು?" ಎಂಬುದು ಎರಡನೆಯ ವರ್ಗದವರ ಮಾತು. "ಸಂಘವೆಂದರೆ ಸಾಲ, ಸಾಲವೆಂದರೆ ಜಗಳ, ಮಾನವಂತರ ಮನೆಯ ಹೆಣ್ಣುಮಕ್ಕಳು ಅತ್ತ ಸುಳಿಯದಿರುವುದೇ ಲೇಸು" ಎಂಬುದು ಮೂರನೆಯವರ ತೀರ್ಪು. ಬೆಂಗಳೂರು ಪೂರ್ವ ತಾಲ್ಲೂಕಿನ ವರ್ತೂರಿನಂಥ ಊರುಗಳಲ್ಲಿ, ಒಂದು ಕಡೆ ಕೆರೆಯೂ ಮತ್ತೊಂದು ಕಡೆ ವೈಟ್‌ಫೀಲ್ಡಿನ ಗಗನಚುಂಬಿ ಸೌಧಗಳೂ ಇರುವಲ್ಲಿ, ಈ ಮೂರು ಪೂರ್ವಪಕ್ಷಗಳೂ ದಿನಬೆಳಗಾದರೆ ಕಿವಿಗೆ ಬೀಳುತ್ತವೆ. ಮೂರೂ ಒಂದೇ ಅಜ್ಞಾನದ ಕವಲುಗಳು. ಸಂಘವಾವುದು, ಸಂಘದ ವೇಷ ಧರಿಸಿ ಬಂದ ಸಾಲದ ಗುಂಪಾವುದು ಎಂಬ ವಿವೇಚನೆಯಿಲ್ಲದೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದ ಹುಟ್ಟಿದ ಅಜ್ಞಾನವದು.

ಮೊದಲು ಸಂಘದ ಸ್ವರೂಪವನ್ನು ನೋಡಬೇಕು. ಒಂದೇ ಕೇರಿಯ ಹದಿನೈದು ಇಪ್ಪತ್ತು ಮಂದಿ ಸ್ತ್ರೀಯರು ವಾರದ ಒಂದು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಅಂಗನವಾಡಿಯ ಕೊಠಡಿಯಲ್ಲೋ ದೇವಾಲಯದ ಜಗಲಿಯಲ್ಲೋ ಕೂಡುತ್ತಾರೆ. ಪ್ರತಿಯೊಬ್ಬಳೂ ನಿಶ್ಚಿತವಾದ ಉಳಿತಾಯದ ಹಣವನ್ನು ಎಲ್ಲರ ಕಣ್ಣೆದುರಿಗೆ ಎಣಿಸಿ ಇಡುತ್ತಾಳೆ. ತಡವಾಗಿ ಬಂದವಳಿಗೆ ದಂಡ. ಸಾಲ ಬೇಕಾದವಳು ಯಾತಕ್ಕೆ ಬೇಕೆಂಬುದನ್ನು ಬಾಯಿಬಿಟ್ಟು ಹೇಳಬೇಕು. ಉಳಿದವರು ಕೇಳಿ, ಚರ್ಚಿಸಿ, ಇಬ್ಬರು ಬೇಡಿದಲ್ಲಿ ಯಾರ ಅಗತ್ಯ ಮುಂದಿನದೆಂದು ತೀರ್ಮಾನಿಸಬೇಕು. ನಡಾವಳಿ ಪುಸ್ತಕ, ನಗದು ಪುಸ್ತಕ, ಖಾತೆ ಪುಸ್ತಕ ಇವುಗಳಲ್ಲಿ ಅಂದಂದಿನ ವ್ಯವಹಾರ ಅಂದೇ ಬರೆಯಲ್ಪಡಬೇಕು. ಇಪ್ಪತ್ತು ಮಂದಿ ವಾರಕ್ಕೆ 50 ರೂಪಾಯಿಯಂತೆ ಕೂಡಿಸಿದರೆ ವರ್ಷಕ್ಕೆ 52,000 ರೂಪಾಯಿ. ಇದು ಸಿರಿವಂತರ ಕಣ್ಣಿಗೆ ಅಲ್ಪವೆಂದು ತೋರಬಹುದು. ಆದರೆ ಮಗುವಿಗೆ ಜ್ವರ ಬಂದ ಮಧ್ಯರಾತ್ರಿಯಲ್ಲಿ ಗಿರವಿ ಅಂಗಡಿಯ ಮೆಟ್ಟಿಲು ಹತ್ತದೆ, ಯಾರ ಕಾಲನ್ನೂ ಹಿಡಿಯದೆ ದೊರೆಯುವ ಐದು ಸಾವಿರದ ಬೆಲೆಯನ್ನು, ಅದಿಲ್ಲದೆ ತಾಳಿಯ ಗುಂಡನ್ನು ಅಡವಿಟ್ಟವಳು ಮಾತ್ರ ಬಲ್ಲಳು.

ಇದೇನೂ ಪರದೇಶದಿಂದ ಬಂದ ಸೋಜಿಗವಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದುದೂ, ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಶಾಸನವಾದುದೂ 1905ರಲ್ಲಿಯೇ. ಆದರೆ ಆ ಸಂಘಗಳ ಷೇರು ಗಂಡಸಿನದು, ಪಹಣಿ ಗಂಡಸಿನದು, ಸಹಿಯೂ ಗಂಡಸಿನದು. 1984-85ರ ಸುಮಾರಿಗೆ ಬೆಂಗಳೂರಿನ ಮೈರಾಡಾ ಸಂಸ್ಥೆಯು ಕೆಲಸ ಮಾಡುತ್ತಿದ್ದ ಕೆಲವು ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಜನರು ತಮ್ಮತಮ್ಮೊಳಗೆ ನಂಬಿಕೆಯುಳ್ಳ ಸಣ್ಣ ಗುಂಪುಗಳಾಗಿ ಒಡೆದು, ಆ ಗುಂಪುಗಳಿಗೇ ಸಾಲವನ್ನು ಹಿಂದಿರುಗಿಸಲು ಮುಂದೆ ಬಂದರು. ಅಲ್ಲಿ ತೋರಿಬಂದ ಬೆಳಕನ್ನು ನಬಾರ್ಡ್ ಗುರುತಿಸಿ 1992ರಲ್ಲಿ ದೇಶದ ಐನೂರು ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000-01ರಲ್ಲಿ ಕರ್ನಾಟಕ ಸರ್ಕಾರವು ಗ್ರಾಮೀಣ ಮಹಿಳೆಯರಿಗಾಗಿ ಸ್ತ್ರೀಶಕ್ತಿ ಯೋಜನೆಯನ್ನು ಪ್ರಾರಂಭಿಸಿತು. ಹೀಗೆ ಈ ಸಂಘವು ಕನ್ನಡ ನಾಡಿನ ನೆಲದಲ್ಲಿಯೇ, ದೊಡ್ಡವರ ಸಂಘಗಳು ಸೋತ ಸ್ಥಳದಲ್ಲಿಯೇ ಮೊಳೆತುದು. ಅದನ್ನು ಹರಟೆಯೆನ್ನುವವರು ಈ ಚರಿತ್ರೆಯನ್ನು ಓದಿದವರಲ್ಲ.

ಶಾಸ್ತ್ರದ ಮಾತನ್ನೆತ್ತುವವರಿಗೂ ಒಂದು ಉತ್ತರವುಂಟು. ಸ್ತ್ರೀಗೆ ಸ್ವಂತ ಧನವೆಲ್ಲಿಯದು ಎಂದು ಕೇಳುವವರು ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವನ್ನು ತೆರೆದು ನೋಡಬೇಕು. ಯಾಜ್ಞವಲ್ಕ್ಯನು ಸ್ತ್ರೀಧನದ ಪ್ರಕಾರಗಳನ್ನು ಎಣಿಸಿ ಕಡೆಯಲ್ಲಿ 'ಆದ್ಯ' ಎಂಬ ಒಂದು ಮಾತನ್ನು ಸೇರಿಸಿದನು. ಆ ಒಂದು ಮಾತಿನ ಬಲದಿಂದ ವಿಜ್ಞಾನೇಶ್ವರನು ದಾಯದಿಂದ ಬಂದುದನ್ನೂ, ಕ್ರಯದಿಂದ ಬಂದುದನ್ನೂ, ವಿಭಾಗದಿಂದ ಬಂದುದನ್ನೂ ಸ್ತ್ರೀಧನವೆಂದೇ ವ್ಯಾಖ್ಯಾನಿಸಿದನು. ಮುಂದಿನವರು ಆ ಬಾಗಿಲನ್ನು ಮುಚ್ಚಿದರು. 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆಯನ್ನು ಮಾಡಿ, ಬ್ರಿಟಿಷ್ ಇಂಡಿಯಕ್ಕಿಂತ ಮುಂಚೆಯೇ ಅದನ್ನು ತುಸು ತೆರೆಯಿತು. ಕನ್ನಡ ನೆಲದ ಧರ್ಮಶಾಸ್ತ್ರವೂ ರಾಜಶಾಸನವೂ ಒಪ್ಪಿದ ಹಕ್ಕನ್ನು ಇಂದು ಕೇರಿಯ ಹೆಣ್ಣುಮಗಳು ಐವತ್ತು ರೂಪಾಯಿಯ ರೂಪದಲ್ಲಿ ಸಂಘದ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡರೆ ಅದಾವ ಅಪಚಾರ?

ಈಗ ವರ್ತೂರಿನ ಸಂಗತಿ. ಬೆಳ್ಳಂದೂರು ಕೆರೆಯ ನೀರು ಹರಿದು ವರ್ತೂರು ಕೆರೆಯನ್ನು ಸೇರುವುದು. ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಯನ್ನು ಕೂಡುವುದು. ಆ ಕೆರೆಯ ಕೆಳಗಣ ಗದ್ದೆಗಳಲ್ಲಿ ಭತ್ತ, ಸೊಪ್ಪು, ತರಕಾರಿ, ಹಸುವಿನ ಮೇವು ಬೆಳೆಯುತ್ತಿದ್ದುವು. ಸೊಪ್ಪಿನ ಕಟ್ಟಿನಲ್ಲಿಯೂ ಹಾಲಿನ ಚೊಂಬಿನಲ್ಲಿಯೂ ಮನೆಯ ಯಜಮಾನಿಯ ಕೈಗೆ ನೇರವಾಗಿ ಬೀಳುವ ನಾಲ್ಕು ಕಾಸಿತ್ತು. ನಗರದ ಕೊಳಚೆ ಕೆರೆಗೆ ನುಗ್ಗಿತು. 2015ರಲ್ಲಿ ಆ ಕೆರೆಯ ಬಿಳಿಯ ನೊರೆ ರಸ್ತೆಗೆ ಹಾರಿದುದನ್ನು ಜಗತ್ತೇ ಚಿತ್ರಗಳಲ್ಲಿ ನೋಡಿತು. ಅತ್ತ ಹೊಲಗದ್ದೆಗಳು ನಿವೇಶನಗಳಾದುವು. ಭೂಮಿಯನ್ನು ಮಾರಿದ ಹಣ ಬಹುತೇಕ ಗಂಡಸಿನ ಖಾತೆಗೆ ಹೋಯಿತು. ಸೊಪ್ಪಿನ ಕಾಸು ಮಾತ್ರ ಹೆಂಗಸಿನ ಕೈಬಿಟ್ಟಿತು. ಗದ್ದೆಗೆ ಹೋಗುತ್ತಿದ್ದವರಲ್ಲಿ ಅನೇಕರು ಇಂದು ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಕೆಲಸಕ್ಕೆ ಹೋಗುತ್ತಾರೆ. ಉಳಿತಾಯವೂ ಸಂಘವೂ ಎಂದಿಗಿಂತ ಹೆಚ್ಚಾಗಿ ಬೇಕಾದ ಕಾಲವಿದು.

ಸರಿಯಾಗಿ ಈ ಕಾಲದಲ್ಲಿಯೇ ಸಂಘದ ಕಾಲಡಿಯ ನೆಲ ಕುಸಿಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ ವರ್ತೂರು ಅದರೊಳಗೆ ಸೇರಿತು. ಗ್ರಾಮವೆಂಬ ಹೆಸರು ಹೋದೊಡನೆ ಗ್ರಾಮಸಭೆಯೂ ಹೋಯಿತು. ಕರ್ನಾಟಕವು 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿಯೇ ಶೇಕಡ 25 ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟ ನಾಡು. ಗ್ರಾಮಸಭೆಯಲ್ಲಿ ಎದ್ದುನಿಂತು "ಈ ನಲ್ಲಿಯಲ್ಲಿ ನೀರೇಕೆ ಬರುತ್ತಿಲ್ಲ?" ಎಂದು ಕೇಳುವ ಧೈರ್ಯವನ್ನು ಹಳ್ಳಿಯ ಹೆಣ್ಣುಮಗಳು ಕಲಿತದ್ದು ಸಂಘದ ಚಾಪೆಯ ಮೇಲೆ. ಪಂಚಾಯಿತಿಯ ಚಾವಡಿ ಕಾಲ್ನಡಿಗೆಯ ದೂರದಲ್ಲಿತ್ತು, ಸದಸ್ಯನು ಗುರುತಿನವನಾಗಿದ್ದನು. ಪಾಲಿಕೆಯ ಕಚೇರಿ ಹಾಗಲ್ಲ. ಅದೂ ಸಾಲದೆಂಬಂತೆ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅಧಿಕಾರಿಗಳ ಆಡಳಿತವೇ ಸಾಗಿತು; 2025ರಲ್ಲಿ ಆ ಮಹಾನಗರ ಪಾಲಿಕೆಯೂ ವಿಭಾಗವಾಗಿ ಐದು ನಗರ ಪಾಲಿಕೆಗಳಾದುವು. ಗ್ರಾಮಗಳಿಗೆಂದು ಮಾಡಿದ ಯೋಜನೆ ನಗರವೆನಿಸಿದ ಊರಿಗೆ ಸಲ್ಲದು. ನಗರದ ಯೋಜನೆಗೆ ಈ ಕೇರಿಗಳ ಗುರುತಿಲ್ಲ. ಕಾಗದದಲ್ಲಿ ನಗರ, ಕೇರಿಯಲ್ಲಿ ಹಳ್ಳಿ: ಈ ಎರಡರ ನಡುವೆ ಸಂಘವು ತ್ರಿಶಂಕುವಿನಂತೆ ತೂಗಾಡುತ್ತಿದೆ.

ಬರಿದಾದ ಈ ಜಾಗಕ್ಕೆ ಯಾರು ಬಂದರು? ಮೈಕ್ರೋ ಫೈನಾನ್ಸ್ ಎಂಬ ಹೆಸರಿನ ಸಾಲದ ವ್ಯಾಪಾರಿಗಳು ಬಂದರು. ಅವರೂ ಹೆಂಗಸರನ್ನು ಕೂಡಿಸುತ್ತಾರೆ. ಅವರೂ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುತ್ತಾರೆ. ಬಾಯಲ್ಲಿ 'ಸಂಘ'ವೆಂಬ ಮಾತೇ. ಒಳಗಿನ ಮರ್ಮ ಮಾತ್ರ ತಲೆಕೆಳಗು. ಐದೋ ಹತ್ತೋ ಮಂದಿಯನ್ನು ಒಬ್ಬರಿಗೊಬ್ಬರು ಜಾಮೀನಾಗಿ ಕಟ್ಟಿಹಾಕುವುದು. ಒಬ್ಬಳು ಕಂತು ತಪ್ಪಿದರೆ ಉಳಿದವರಿಂದ ಅವಳ ಮನೆಯ ಮುಂದೆ ಕೂಗಾಡಿಸುವುದು. ನೆರೆಹೊರೆಯ ಸ್ನೇಹವನ್ನೇ ವಸೂಲಿಯ ಆಯುಧವನ್ನಾಗಿ ಮಾಡಿಕೊಂಡ ಈ ಚಾತುರ್ಯಕ್ಕೆ ಏನೆನ್ನಬೇಕು? 2009ರಲ್ಲಿ ನೆರೆಯ ಕೋಲಾರದಲ್ಲಿ ಇಂಥ ಸಾಲಗಳ ಮರುಪಾವತಿಯೇ ನಿಂತುಹೋಯಿತು. 2010ರಲ್ಲಿ ಆಂಧ್ರದಲ್ಲಿ ಅನಾಹುತವಾಯಿತು. 2022ರಲ್ಲಿ ರಿಸರ್ವ್ ಬ್ಯಾಂಕು ಸಾಲದ ಕಂತು ಕುಟುಂಬದ ಆದಾಯದ ಅರ್ಧವನ್ನು ಮೀರಕೂಡದೆಂದು ನಿಯಮಿಸಿತು. ಆದರೂ 2025ರ ಫೆಬ್ರವರಿಯಲ್ಲಿ ಕರ್ನಾಟಕವು ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತೆಂದ ಮೇಲೆ, ರೋಗ ಎಷ್ಟು ಆಳಕ್ಕಿಳಿದಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ನಿಜವಾದ ಸಂಘವನ್ನೂ ಈ ವೇಷಧಾರಿಯನ್ನೂ ಬೇರ್ಪಡಿಸಲು ಮೂರು ಪ್ರಶ್ನೆಗಳು ಸಾಕು. ಹಣ ಯಾರದು? ಪುಸ್ತಕ ಯಾರ ಕೈಯಲ್ಲಿದೆ? ಬಡ್ಡಿ ಯಾರಿಗೆ ಸೇರುತ್ತದೆ? ಸಂಘದಲ್ಲಿ ಮೂಲಧನ ಸದಸ್ಯೆಯರದು. ಪುಸ್ತಕ ಅವರ ಪೆಟ್ಟಿಗೆಯಲ್ಲಿ. ತಮ್ಮೊಳಗೆ ಕೊಟ್ಟ ಸಾಲದ ಬಡ್ಡಿ ಮರಳಿ ಅವರ ನಿಧಿಗೇ ಬಂದು ಬೀಳುತ್ತದೆ. ಸಾಲದ ಗುಂಪಿನಲ್ಲಿ ಹಣ ಕಂಪನಿಯದು. ಲೆಕ್ಕ ಏಜೆಂಟನ ಯಂತ್ರದಲ್ಲಿ. ಬಡ್ಡಿ ಊರ ಗಡಿಯನ್ನು ದಾಟಿ ಹೋದುದು ಮತ್ತೆ ಬಾರದು. ಒಂದು ಕೆರೆ, ಮತ್ತೊಂದು ಕೆರೆಗೆ ಹೊಡೆದ ತೂಬು. ಎರಡಕ್ಕೂ ಒಂದೇ ಹೆಸರಿಟ್ಟು ಎರಡನ್ನೂ ಹಳಿಯುವುದು ಅವಿವೇಕ. ತೂಬಿನ ಪಾಪಕ್ಕೆ ಕೆರೆಯನ್ನು ಮುಚ್ಚುವುದು ಅಪರಾಧ.

"2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ನೇರವಾಗಿ ಅವಳ ಖಾತೆಗೇ ಬರುತ್ತಿರುವಾಗ ಸಂಘವೇಕೆ?" ಎಂಬ ನವೀನ ಪೂರ್ವಪಕ್ಷವೊಂದು ಹೊರಟಿದೆ. ಹಣ ಬರುವುದು ಒಳ್ಳೆಯದೇ. ಆದರೆ ಹಣ ಕೊಡುವವನು ಕೊಡುವುದನ್ನು ನಿಲ್ಲಿಸಿದ ದಿನ, ಏಕೆ ನಿಲ್ಲಿಸಿದಿರೆಂದು ಕೇಳಲು ಒಬ್ಬಂಟಿಯಾದ ಖಾತೆದಾರಳಿಗೆ ಬಾಯಿಯೆಲ್ಲಿಯದು? ಖಾತೆಗೆ ಹಣ ಹಾಕಬಹುದು, ದನಿಯನ್ನು ಹಾಕಲಾಗದು. ದನಿ ಹುಟ್ಟುವುದು ಕೂಡಿ ಕುಳಿತಲ್ಲಿ. ಇದನ್ನು ಬಲ್ಲ ಮುಖಂಡರು ಸಂಘವನ್ನು ಮರೆಯುವುದಿಲ್ಲ. ಸಭೆಯ ಕುರ್ಚಿಗಳು ಖಾಲಿಯಾಗಿರುವಾಗ ಬಸ್ಸು ಕಳುಹಿಸಿ, ಒಂದು ಬಣ್ಣದ ಸೀರೆಯುಡಿಸಿ ಸಂಘದವರನ್ನು ಕರೆತರುತ್ತಾರೆ. ಕೇಳುವ ಸಂಘ ಅವರಿಗೆ ಬೇಡ. ಚಪ್ಪಾಳೆ ತಟ್ಟುವ ಸಂಘ ಬೇಕು.

ಸಂಘಗಳಲ್ಲಿ ದೋಷವಿಲ್ಲವೆಂದೇನೂ ಅಲ್ಲ. ಒಬ್ಬಳೇ ವರ್ಷಾನುಗಟ್ಟಲೆ ಪ್ರತಿನಿಧಿಯಾಗಿ ಕುಳಿತಿರುವುದುಂಟು. ಪುಸ್ತಕವನ್ನು ಸದಸ್ಯೆಯರು ಬರೆಯದೆ ಅಂಗನವಾಡಿಯ ಕಾರ್ಯಕರ್ತೆಯ ತಲೆಗೆ ಕಟ್ಟುವುದುಂಟು. ಆಚೆಯ ಕೇರಿಯವಳನ್ನು ಚಾಪೆಯ ಮೇಲೆ ಕೂರಿಸಿಕೊಳ್ಳಲು ಹಿಂಜರಿಯುವುದೂ ಉಂಟು. ಇವು ನಾಚಿಕೆಯ ಸಂಗತಿಗಳು. ಆದರೆ ಇವುಗಳ ಮದ್ದು ಸಂಘವನ್ನು ಒಡೆಯುವುದಲ್ಲ. ಅಕ್ಷರವನ್ನೂ ಲೆಕ್ಕವನ್ನೂ ಪ್ರತಿಯೊಬ್ಬಳಿಗೂ ಕಲಿಸಿ, ಸರದಿಯಂತೆ ಪುಸ್ತಕವನ್ನು ಕೈಗೆ ಕೊಡುವುದು.

ಕಡೆಯ ಮಾತು ವಿದ್ಯಾವಂತ ಗೃಹಸ್ಥರಿಗೂ ಗೃಹಿಣಿಯರಿಗೂ ಸಲ್ಲಬೇಕಾದುದು. ಅಪಾರ್ಟ್‌ಮೆಂಟಿನ ಒಡೆಯರಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯ ಆಸರೆಯಿದೆ. ತಮ್ಮದೇ ಸಂಘವಿದೆ, ಕೂಡಲು ದೀಪ ಗಾಳಿಗಳುಳ್ಳ ಸಭಾಂಗಣವಿದೆ. ಲಿಫ್ಟು ಒಂದು ದಿನ ನಿಂತರೆ ಆ ಸಂಘವು ಗುಡುಗುತ್ತದೆ. ಅದನ್ನು ಹರಟೆಯೆಂದು ಯಾರೂ ಹೇಳುವುದಿಲ್ಲ. ಅದೇ ಸೌಧದ ನೆಲ ಒರೆಸುವವಳು "ಅಮ್ಮಾ, ಇವತ್ತು ಸಂಘದ ಮೀಟಿಂಗು, ಒಂದು ಗಂಟೆ ಮುಂಚೆ ಹೋಗುತ್ತೇನೆ" ಎಂದರೆ ಮುಖ ಗಂಟಾಗುತ್ತದೆ. ಒಡೆಯರ ಸಂಘವು ಹಕ್ಕು, ಒಕ್ಕಲಿನವಳ ಸಂಘವು ಹರಟೆ: ಇದು ಯಾವ ಶಾಸ್ತ್ರದ ನ್ಯಾಯ?

ಆದುದರಿಂದ ಬೇಕಾದುದು ದೊಡ್ಡ ಯೋಜನೆಯಲ್ಲ. ನಗರಕ್ಕೆ ಸೇರಿದ ಪ್ರತಿಯೊಂದು ಹಳೆಯ ಹಳ್ಳಿಯಲ್ಲಿಯೂ ಸಂಘಗಳಿಗೆ ಬೀಗ ಹಾಕಿಕೊಳ್ಳಬಲ್ಲ ಒಂದು ಕೊಠಡಿ ಬೇಕು. ಗ್ರಾಮಸಭೆಯಲ್ಲಿದ್ದ ಪ್ರಶ್ನಿಸುವ ಹಕ್ಕು ವಾರ್ಡಿನ ಸಭೆಯಲ್ಲಿಯೂ ಅವರಿಗೆ ದೊರೆಯಬೇಕು. ಸಾಲದ ಏಜೆಂಟನು 'ಸಂಘ'ವೆಂಬ ಹೆಸರನ್ನು ಬಳಸದಂತೆ ತಡೆಯಬೇಕು. ವಿದ್ಯಾವಂತರ ಮನೆಗಳು ವಾರಕ್ಕೊಂದು ಗಂಟೆಯನ್ನು ಕೂಲಿ ಕಡಿಯದೆ ಬಿಟ್ಟುಕೊಡಬೇಕು. ಆ ಮನೆಗಳ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಬಿಡುವಿದ್ದರೆ, ಚಾಪೆಯ ಒಂದು ಮೂಲೆಯಲ್ಲಿ ಕುಳಿತು ಕೂಡುವ ಕಳೆಯುವ ಲೆಕ್ಕವನ್ನು ಹೇಳಿಕೊಡಬೇಕು. ಇಷ್ಟನ್ನೂ ಮಾಡಲಾರದವರು ಕಡೆಗೆ ಒಂದನ್ನಾದರೂ ಮಾಡಲಿ: ಆ ಹೆಂಗಸರು ಕೂಡಿ ಕುಳಿತುದನ್ನು ಕಂಡಾಗ ಹರಟೆಯೆಂದು ನಗದೆ, ಅಲ್ಲಿ ತೆರೆದಿರುವ ಪುಸ್ತಕ ಯಾರದೆಂದು ಒಮ್ಮೆ ಕಣ್ಣಿಟ್ಟು ನೋಡಲಿ.