ಯಾರ ಹೊಗೆ?

ಅಡಿಗೆಯ ಉಪ್ಪಿನಿಂದ ಬಟ್ಟೆ ಒಗೆಯುವ ಸೋಡಾ ತೆಗೆಯುವ ವಿಧಾನವನ್ನು 18ನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದವನು ಫ್ರಾನ್ಸಿನ ವೈದ್ಯ ಲೆಬ್ಲಾಂಕ್. ಅದರಿಂದ ಹಣ ಮಾಡಿಕೊಂಡವರು ಮಾತ್ರ ಇಂಗ್ಲೆಂಡಿನ ಕಾರ್ಖಾನೆದಾರರು. ಸಾಬೂನಿಗೂ ಗಾಜಿಗೂ ಸೋಡಾ ಬೇಕು, ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಆದರೆ ಉಪ್ಪಿಗೆ ಗಂಧಕಾಮ್ಲ ಬೆರೆಸಿ ಕಾಯಿಸಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವೇಳುತ್ತದೆ. 100 ಟನ್ನು ಉಪ್ಪಿಗೆ 60 ಟನ್ನಿಗೂ ಮಿಕ್ಕ ಅನಿಲ! ಅದೆಲ್ಲ ಚಿಮಣಿಯಿಂದ ಹೊರಬಿದ್ದು, ಸೇಂಟ್ ಹೆಲೆನ್ಸ್, ವಿಡ್ನೆಸ್ ಊರುಗಳ ಸುತ್ತಣ ಮರಗಳು ಬೋಳಾದವು, ಪೈರು ಕರಕಲಾಯಿತು.

ಕೆಲವರು ಚಿಮಣಿಯನ್ನೇ ಎತ್ತರಿಸಿದರು. ಗ್ಲಾಸ್ಗೋ ನಗರದ ಸೇಂಟ್ ರೊಲಾಕ್ಸ್ ಕಾರ್ಖಾನೆಯಲ್ಲಿ 1842ರಲ್ಲಿ ಎದ್ದ ಚಿಮಣಿಯ ಎತ್ತರ 435 ಅಡಿ. ಇದರಿಂದ ವಿಷವೇನೂ ತಗ್ಗಲಿಲ್ಲ. ದೂರದ ಊರಿನವರಿಗೂ ಪಾಲು ದೊರೆಯಿತು, ಅಷ್ಟೆ.

ಪರಿಹಾರ ತಿಳಿದಿರಲಿಲ್ಲವೆಂದಲ್ಲ. ವಿಲಿಯಂ ಗಾಸೇಜ್ ಎಂಬಾತನು ಪಾಳುಬಿದ್ದ ಗಾಳಿಯಂತ್ರದ ಗೋಪುರದೊಳಗೆ ಮುಳ್ಳುಪೊದೆಗಳನ್ನು ತುಂಬಿ, ಮೇಲಿನಿಂದ ನೀರು ಜಿನುಗಿಸಿ ನೋಡಿದನು. ಅನಿಲ ನೀರಿನಲ್ಲಿ ಕರಗಿಹೋಯಿತು! 1836ರಲ್ಲಿಯೇ ಇದಕ್ಕೆ ಹಕ್ಕುಪತ್ರವನ್ನೂ ಪಡೆದನು. ಆದರೂ ಬಹುಮಂದಿ ಅದರತ್ತ ಸರಿಯಾಗಿ ಗಮನ ಕೊಡಲಿಲ್ಲ. ಏಕೆ ಕೊಟ್ಟಾರು? ಗೋಪುರ ಕಟ್ಟುವ ವೆಚ್ಚ ಮಾಲೀಕನದು. ಲಾಭ ನೆರೆಯ ರೈತನದು. ಪಕ್ಕದ ಕಾರ್ಖಾನೆಯವನು ಕಟ್ಟದಿದ್ದರೆ ಅವನ ಸೋಡಾ ಅಗ್ಗವಾಗಿ ಬಿಕರಿಯಾಗುವುದು, ಕಟ್ಟಿದವನು ಕೆಡುವನು. ರೈತನು ನ್ಯಾಯಾಲಯಕ್ಕೆ ಹೋದರೋ, ತನ್ನ ಬೆಳೆಯನ್ನು ಸುಟ್ಟದ್ದು ಯಾರ ಹೊಗೆಯೆಂದು ತೋರಿಸಬೇಕು. ಹತ್ತು ಚಿಮಣಿಗಳು ಒತ್ತಾಗಿ ನಿಂತಿರುವ ಊರಿನಲ್ಲಿ ಅದನ್ನು ಹೇಳಬಲ್ಲವರಾರು? ಒಬ್ಬೊಬ್ಬ ಮಾಲೀಕನೂ ಮತ್ತೊಬ್ಬನ ಹೊಗೆಯ ಮರೆಯಲ್ಲಿ ನೆಮ್ಮದಿಯಾಗಿದ್ದನು.

ಸೇಂಟ್ ಹೆಲೆನ್ಸಿನ ಸಮೀಪದಲ್ಲೇ ಲಾರ್ಡ್ ಡರ್ಬಿಯ ಜಮೀನಿತ್ತು. ಮರಗಳು ಸಾಯತೊಡಗಿದ್ದು ದೊಡ್ಡವರ ತೋಟದಲ್ಲಿ. ವಿಚಾರಣೆ ಬೇಗ ನಡೆಯಿತು. 1863ರಲ್ಲಿ ಕಾಯಿದೆ ಬಂತು: ನೂರಕ್ಕೆ 95 ಪಾಲು ಅನಿಲವನ್ನು ಪ್ರತಿಯೊಬ್ಬನೂ ಹಿಡಿದಿಡತಕ್ಕದ್ದು. ಸೋಜಿಗವೆಂದರೆ ಮಾಲೀಕರಲ್ಲಿ ಅನೇಕರು ಇದನ್ನು ಹೆಚ್ಚು ವಿರೋಧಿಸಲಿಲ್ಲ. ಪ್ರತಿಸ್ಪರ್ಧಿಯೂ ಅದೇ ಖರ್ಚು ಮಾಡಬೇಕಾದ ಮೇಲೆ ಹೆದರಿಕೆಯೇನು? ಇನ್‌ಸ್ಪೆಕ್ಟರಾಗಿ ನೇಮಕಗೊಂಡ ರಸಾಯನಶಾಸ್ತ್ರಜ್ಞ ಆಂಗಸ್ ಸ್ಮಿತ್ ದಂಡ ಹಾಕುವುದಕ್ಕಿಂತ ಬುದ್ಧಿ ಹೇಳುವುದನ್ನೇ ನೆಚ್ಚಿದನು.

ಕಾಯಿದೆಯಲ್ಲಿ ಕುಂದೂ ಇತ್ತು. 100 ಟನ್ನಿನಲ್ಲಿ 5 ಟನ್ನು ಬಿಡುವವನೂ ನಿರ್ದೋಷಿ, 1,000ದಲ್ಲಿ 50 ಬಿಡುವವನೂ ನಿರ್ದೋಷಿ. ಕಾರ್ಖಾನೆಗಳು ಬೆಳೆದಂತೆ ಹೊಗೆಯೂ ಬೆಳೆಯಿತು. ಆದುದರಿಂದ 1874ರಲ್ಲಿ, ಹೊರಹೋಗುವ ಒಂದು ಘನ ಅಡಿ ಹೊಗೆಯಲ್ಲಿ ಗ್ರೇನಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಆಮ್ಲವಿರಕೂಡದೆಂದು ಸೇರಿಸಿದರು. ಇತ್ತ ಗೋಪುರದಲ್ಲಿ ಹಿಡಿದ ಆಮ್ಲವನ್ನು ಸಾಂಕಿ ಹೊಳೆಗೆ ಸುರಿದವರೂ ಉಂಟು. ಗಾಳಿಯ ಕಾಯಿದೆ ನೀರನ್ನು ಕಾಯಲಿಲ್ಲ!

ಅಷ್ಟರಲ್ಲಿ ವೆಲ್ಡನ್, ಡೀಕನ್ ಎಂಬ ಇಬ್ಬರು ಆ ಆಮ್ಲದಿಂದ ಕ್ಲೋರಿನ್ ತೆಗೆಯುವ ಸುಲಭ ದಾರಿಗಳನ್ನು ಕಂಡುಕೊಂಡರು. ಬಟ್ಟೆ, ಕಾಗದಗಳ ಗಿರಣಿಗಳಿಗೆ ಅದರ ಚಲುವೆಪುಡಿ ಬೇಕಾಗಿತ್ತು. ಮುಂದೆ ಸಾಲ್ವೆಯ ಹೊಸ ವಿಧಾನದ ಅಗ್ಗದ ಸೋಡಾ ಪೇಟೆಗೆ ಬಂದಾಗ, ಹಳೆಯ ಕಾರ್ಖಾನೆಗಳು ಕೆಲಕಾಲ ಉಸಿರಾಡಿಕೊಂಡಿದ್ದುದು ಈ ಪುಡಿಯ ಮಾರಾಟದಿಂದ, ಅಂದರೆ ತಾವು ಹಿಂದೆ ಗಾಳಿಗೆ ಬಿಡುತ್ತಿದ್ದ ಅದೇ ಆಮ್ಲದಿಂದ.