ಸಾಮಾಜಿಕ ನಾಟಕವೂ ಶಾಸ್ತ್ರದ ನೆಪವೂ

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳಲ್ಲಿ ನಾಟಕವೆಂದೊಡನೆ ಕುರುಕ್ಷೇತ್ರದ ಕಿರೀಟ ಗದೆಗಳೇ ಕಣ್ಣಮುಂದೆ ನಿಲ್ಲುವುವು. ಅದರಲ್ಲಿ ದೋಷವೇನೂ ಇಲ್ಲ. ಬೆಳಗಿನ ಜಾವದವರೆಗೆ ಕುಳಿತು ಕೃಷ್ಣಸಂಧಾನವನ್ನು ಕೇಳಿದವರಲ್ಲಿ ನಾನೂ ಒಬ್ಬನು. ಆದರೆ ಸಂಸಾರ, ಕೂಲಿ, ಮದುವೆಗಳ ವಿಷಯವಾಗಿ ಯಾರಾದರೂ ನಾಟಕವಾಡಲು ಹೊರಟರೆ, ಮನೆಯ ಮಾತನ್ನು ರಂಗಕ್ಕೆ ತರುವುದು ಶಾಸ್ತ್ರಸಮ್ಮತವಲ್ಲವೆಂದು ಕೆಲವು ಮಹನೀಯರು ಹುಬ್ಬು ಗಂಟಿಕ್ಕುವರು. ಪಾಠಶಾಲೆಯಲ್ಲಿ ಓದಿದವನೆಂದು ನನ್ನನ್ನೇ ಸಾಕ್ಷಿಗೆ ಕರೆಯುವರು. ಸಾಕ್ಷಿ ಹೇಳುತ್ತೇನೆ, ಅವರಿಗೆ ಅದು ರುಚಿಸಲಾರದು.

ಯಾವ ಶಾಸ್ತ್ರ? ಭರತಮುನಿಯು ಎಣಿಸಿದ ದಶರೂಪಕಗಳಲ್ಲಿ ನಾಟಕದ ಮಗ್ಗುಲಲ್ಲಿಯೇ ಪ್ರಕರಣವಿದೆ. ಅದರ ಕಥೆ ಕವಿಕಲ್ಪಿತ. ನಾಯಕನು ದೇವತೆಯೂ ಅಲ್ಲ, ರಾಜನೂ ಅಲ್ಲ, ವಿಪ್ರನೋ ವಣಿಕನೋ ಸಚಿವನೋ ಆಗಿರತಕ್ಕವನು. ಶೂದ್ರಕನ ಮೃಚ್ಛಕಟಿಕವನ್ನು ನೋಡಿರಿ. ದಾನಮಾಡಿ ದರಿದ್ರನಾದ ಚಾರುದತ್ತ; ಮೈಯೊತ್ತುವ ಕಸುಬಿನವನು ಜೂಜಿನ ಸಾಲಕ್ಕೆ ಹೆದರಿ ಓಡುವುದು; ಪ್ರಿಯೆಯನ್ನು ದಾಸ್ಯದಿಂದ ಬಿಡಿಸಲು ಶರ್ವಿಲಕನು ಕನ್ನವಿಕ್ಕುವುದು. ನೆರೆಮನೆಯ ಚಿನ್ನದ ಬಂಡಿಯನ್ನು ಕಂಡು, ಮಣ್ಣಿನದನ್ನು ಒಲ್ಲೆನೆಂದು ಅಳುವ ಮಗುವಿನಿಂದಲೇ ಆ ಕೃತಿಗೆ ಹೆಸರು ಬಂದಿತು. ಇದು ಮನೆಯ ಮಾತಲ್ಲದೆ ಮತ್ತೇನು?

ಕನ್ನಡದಲ್ಲಿಯೂ ಈ ದಾರಿ ಹೊಸದಲ್ಲ. ಕೈಲಾಸಂ ಅವರ 1918ರ 'ಟೊಳ್ಳುಗಟ್ಟಿ'ಯಲ್ಲಿ, ಪರೀಕ್ಷೆ ಗೆದ್ದ ಮಗನೇ ಗಟ್ಟಿಯೆಂದು ನಂಬಿದ್ದ ತಂದೆಗೆ, ಮನೆಗೆ ಬೆಂಕಿ ಬಿದ್ದಾಗ ಟೊಳ್ಳು ಯಾರೆಂಬುದು ತಿಳಿಯಿತು. ಮೂವತ್ತು ವರ್ಷ ಅಂಕಗಳಿಂದಲೇ ಹುಡುಗರನ್ನು ತೂಗಿದ ನನ್ನಂಥ ಉಪಾಧ್ಯಾಯನಿಗೆ ಅದು ಚೆನ್ನಾಗಿಯೇ ಚುಚ್ಚಿತು. ಕುವೆಂಪು ಅವರು 1928ರ 'ಜಲಗಾರ'ದಲ್ಲಿ ಶಿವನನ್ನೇ ತಂದು ಬೀದಿ ಗುಡಿಸುವವನ ಮುಂದೆ ನಿಲ್ಲಿಸಿದರು.

ಆದುದರಿಂದ ಅಡ್ಡಿಯು ಶಾಸ್ತ್ರದ್ದಲ್ಲ, ಅಂಜಿಕೆಯದು. ದುರ್ಯೋಧನನ ಲೋಭವನ್ನು ಕಂಡು ಯಾರೂ ತಮ್ಮ ಮುಖವನ್ನು ಮುಟ್ಟಿ ನೋಡಿಕೊಳ್ಳುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಯೊಂದನ್ನು ರಂಗಕ್ಕೆ ತನ್ನಿರಿ: ಬಿಸಿನೀರಿನಲ್ಲಿ ಗೂಡಿನ ಎಳೆಯನ್ನು ಹುಡುಕಿ ಹುಡುಕಿ ಬೆರಳು ಬೆಂದ ತಾಯಿ, ಅವಳ ಕೂಲಿಯಲ್ಲಿ ಓದಿ ಉದ್ಯೋಗ ಹಿಡಿದ ಮಗ, ಕಾನೂನು 1961ರಲ್ಲಿಯೇ ನಿಷೇಧಿಸಿದ ವರದಕ್ಷಿಣೆಯನ್ನು ಮಾತನಾಡಲು ಬೀಗರು ಬಂದಾಗ, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಮ್ಮಾ ಎಂದು ಅವನೇ ಪಿಸುಗುಟ್ಟುವುದು. ಮೊದಲ ಸಾಲಿನ ಕುರ್ಚಿಗಳಲ್ಲಿ ಎಷ್ಟು ಮಂದಿ ಕೊನೆಯವರೆಗೆ ಕುಳಿತಿರುವರೋ ನೋಡೋಣ!

ಹೊಸ ನಾಟಕಕಾರರಿಗೂ ಒಂದು ಮಾತು. ಸೊಸೆಯನ್ನು ಗಯ್ಯಾಳಿಯಾಗಿಯೂ ಕೂಲಿಯವನನ್ನು ತೊದಲನಾಗಿಯೂ ಮಾಡಿ ನಗಿಸಿದರೆ ಅದು ಸಾಮಾಜಿಕವಾಗದು. ಮನೆಯನ್ನು ಮತ್ತೊಮ್ಮೆ ಮರೆಮಾಡಿದಂತಾಗುವುದು.

ಜಾತ್ರೆಯಲ್ಲಿ ಕುರುಕ್ಷೇತ್ರವನ್ನು ನಿಲ್ಲಿಸಿರೆಂದು ನಾನು ಹೇಳುವವನಲ್ಲ. ಪಾಂಡವರು ಬಣ್ಣ ಹಚ್ಚಿಕೊಳ್ಳುವಷ್ಟರಲ್ಲಿ ಒಂದು ಗಂಟೆ ಆ ರಂಗವನ್ನು ಇಂಥ ನಾಟಕಕ್ಕೆ ಬಿಟ್ಟುಕೊಡಲಿ. ಹಾರ್ಮೋನಿಯಂ ಮೇಷ್ಟರಿಗೂ ಸ್ವಲ್ಪ ವಿಶ್ರಾಂತಿ ದೊರೆತೀತು.