ಕಾರ್ಬನ್ ಆಮೇಲೆ, ಮೊದಲು ಅಳತೆ

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಈ ವರ್ಷ ಕಾರ್ಬನ್ ಫ್ರೇಮಿನದೇ ಮಾತು. ಯಾರ ಹತ್ತಿರವೂ ಅದಿಲ್ಲ, ಎಲ್ಲರ ಮೊಬೈಲಿನಲ್ಲೂ ಇದೆ. ಇಬ್ಬರು ಗೆಳೆಯರು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಒಂದನ್ನು ತರಿಸಲು ರೊಕ್ಕ ಕೂಡಿಸುತ್ತಿದ್ದಾರೆ. ಮಾರುವವನನ್ನು ಅವರು ಕೇಳುವುದು ಎರಡೇ: ತೂಕ ಎಷ್ಟು, ರೇಟು ಎಷ್ಟು? ಫ್ರೇಮಿನ ಅಳತೆ ಏನು ಎಂದು ಕೇಳಿದ್ದನ್ನು ನಾನು ನೋಡಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ.

ಕಾರ್ಬನ್ ಹಗುರ, ಸುಳ್ಳಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ತೂಗಬಾರದು ಎಂದು ನಿಯಮವನ್ನೇ ಮಾಡಬೇಕಾಯಿತು. ಆದರೆ ಲೆಕ್ಕ ಹಾಕಿ. 60 ಕೆ.ಜಿ.ಯ ಹುಡುಗ, 10 ಕೆ.ಜಿ.ಯ ಸೈಕಲ್, ಒಟ್ಟು 70. ಫ್ರೇಮಿನಲ್ಲಿ ಒಂದು ಕೆ.ಜಿ. ಕಡಿಮೆಯಾದರೆ ಒಟ್ಟು ತೂಕದಲ್ಲಿ ಉಳಿಯುವುದು ನೂರಕ್ಕೆ ಒಂದೂವರೆಯೂ ಅಲ್ಲ. ಘಾಟಿ ಹತ್ತುವವರಿಗೆ ಅದು ಬೇಕು. ಗಂಗಾವತಿಯ ಭತ್ತದ ಗದ್ದೆಗಳ ನಡುವಿನ ಸಪಾಟು ರಸ್ತೆಯಲ್ಲಿ ನಮ್ಮನ್ನು ತಡೆಯುವುದು ತೂಕವಲ್ಲ, ಗಾಳಿ. ಆಷಾಢದಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ಸೈಕಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಆ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸೈಕಲ್ಲಿನದಲ್ಲ, ಮೇಲೆ ಕುಳಿತವನ ಮೈಯದು.

ಅಂದರೆ ಬೆನ್ನು ಎಷ್ಟು ಬಾಗಿದೆ ಎಂಬುದು ಮುಖ್ಯ. ಅದನ್ನು ಬಹುಪಾಲು ತೀರ್ಮಾನಿಸುವುದು ಫ್ರೇಮಿನ ಎರಡು ಅಳತೆಗಳು. ಪೆಡಲ್ ತಿರುಗುವ ಅಚ್ಚನ್ನು ಗ್ರಾಫಿನ ಮೂಲಬಿಂದು ಎಂದುಕೊಳ್ಳಿ. ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿ ಅಲ್ಲಿಂದ ಎಷ್ಟು ಮೇಲಿದೆಯೋ ಅದು ಸ್ಟ್ಯಾಕ್, ಎಷ್ಟು ಮುಂದಿದೆಯೋ ಅದು ರೀಚ್. 54 ಸೈಜಿನ ರೇಸ್ ಫ್ರೇಮಿನಲ್ಲಿ ಸ್ಟ್ಯಾಕ್ ಸುಮಾರು 545 ಮಿ.ಮೀ., ರೀಚ್ 385. ದೂರದ ಸವಾರಿಗೆಂದು ಮಾಡಿದ, ಎಂಡ್ಯೂರೆನ್ಸ್ ಎನ್ನುವ ಫ್ರೇಮಿನಲ್ಲಿ ಅದೇ ಸೈಜಿಗೆ ಸ್ಟ್ಯಾಕ್ 575ರ ಹತ್ತಿರ, ರೀಚ್ 375. ವ್ಯತ್ಯಾಸ ಎರಡು ಬೆರಳಿನ ಅಗಲದಷ್ಟೇ, ಆದರೆ ಒಂದು ಗಂಟೆ ತುಳಿದ ಮೇಲೆ ಕುತ್ತಿಗೆಗೂ ಅಂಗೈಗೂ ಗೊತ್ತಾಗುತ್ತದೆ. 54 ಎಂದು ಬರೆದಿದ್ದರೆ ಸಾಲದು. ಒಂದು ಕಂಪನಿಯ 54 ಇನ್ನೊಂದರ 54 ಅಲ್ಲ. ಸ್ಟ್ಯಾಕ್, ರೀಚ್ ಕೇಳಿ.

ರೇಸ್ ಫ್ರೇಮೇ ವೇಗದ್ದು ಎಂದು ಗೆಳೆಯರ ವಾದ. ಹತ್ತು ನಿಮಿಷಕ್ಕೆ ಸರಿ. ಆಮೇಲೆ ಕೈ ಜೋಮು ಹಿಡಿಯುತ್ತದೆ, ಸವಾರ ಎದ್ದು ನೆಟ್ಟಗೆ ಕೂರುತ್ತಾನೆ, ಎದೆ ಪೂರ್ತಿ ಗಾಳಿಗೆ ಒಡ್ಡಿಕೊಳ್ಳುತ್ತದೆ. ಗಂಗಾವತಿಯಿಂದ ಕೊಪ್ಪಳದವರೆಗೂ ಬಾಗಿ ಕೂರಲು ಆಗುವ ಭಂಗಿ ಯಾವುದೋ ಅದೇ ನಮ್ಮ ವೇಗದ ಭಂಗಿ. ವಿಜಯಪುರ, ಬಾಗಲಕೋಟೆಯ ಸೈಕ್ಲಿಂಗ್ ಕ್ರೀಡಾ ನಿಲಯಗಳ ಹುಡುಗ ಹುಡುಗಿಯರ ಮಾತು ಬೇರೆ. ಅವರ ಮೈ ದಿನಾ ಪಳಗಿರುತ್ತದೆ, ನೋಡಿ ತಿದ್ದಲು ಕೋಚ್ ಇರುತ್ತಾರೆ.

ರಸ್ತೆಯ ಮಾತೂ ಇದೆ. ಫ್ರಾನ್ಸಿನಲ್ಲಿ 1896ರಿಂದ ನಡೆಯುತ್ತಿರುವ ಪ್ಯಾರಿಸ್-ರೂಬೆ ರೇಸಿನಲ್ಲಿ ಕಲ್ಲು ಹಾಸಿದ ಹಳ್ಳಿ ದಾರಿಗಳಿವೆ. ಅಲ್ಲಿ ಜಗತ್ತಿನ ದೊಡ್ಡ ದೊಡ್ಡ ಸವಾರರೇ ಈಗ 30 ಮಿ.ಮೀ. ಮತ್ತು ಅದಕ್ಕಿಂತ ಅಗಲದ ಟೈರ್ ಹಾಕುತ್ತಾರೆ. ನಮ್ಮ ಹಳ್ಳಿ ರಸ್ತೆಗಳನ್ನು ಅವರಿಗೆ ತೋರಿಸಬೇಕಿತ್ತು! ಹಳೆಯ ರೇಸ್ ಫ್ರೇಮುಗಳಲ್ಲಿ 25ಕ್ಕಿಂತ ದಪ್ಪದ ಟೈರು ಹಲವು ಸಲ ಹಿಡಿಸುವುದೇ ಇಲ್ಲ. ಇನ್ನು ಸೆಕೆಂಡ್ ಹ್ಯಾಂಡ್ ಕಾರ್ಬನ್ ಎಂದರೆ ನನಗೆ ಭಯವೇ. ಅಲ್ಯೂಮಿನಿಯಂ ಬಿದ್ದರೆ ತಗ್ಗು ಕಾಣುತ್ತದೆ. ಕಾರ್ಬನ್ ಒಳಗೇ ಬಿರಿದು ಹೊರಗೆ ಬಣ್ಣ ಹೊಳೆಯುತ್ತಿರಬಹುದು, ಮುರಿಯುವಾಗ ಒಮ್ಮೆಲೇ ಮುರಿಯಬಹುದು. ಅಳತೆ ಹೊಂದುವ ಹೊಸ ಅಲ್ಯೂಮಿನಿಯಂ ಸೈಕಲ್ಲೇ ಮೇಲು.

ಇದು ಇಬ್ಬರು ಶೋಕಿ ಹುಡುಗರ ವಿಷಯ ಎನ್ನಬೇಡಿ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಗೆ ಸರ್ಕಾರ ಸೈಕಲ್ ಕೊಟ್ಟಿತು, ಎಷ್ಟೋ ಹುಡುಗಿಯರು ಅದರಿಂದಲೇ ಹೈಸ್ಕೂಲು ಮುಗಿಸಿದರು. ಕೋವಿಡ್ ಬಂದಾಗ ಅದು ನಿಂತಿತು. ಆ ಸೈಕಲ್ಲುಗಳು ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಇವೆ. ಎಂಟನೆಯಲ್ಲಿ ಅದಕ್ಕೆ ಕಾಲು ಎಟುಕದವರೇ ಪಿಯುಸಿಗೆ ಬರುವಷ್ಟರಲ್ಲಿ ಮೊಣಕಾಲು ಹ್ಯಾಂಡಲ್ಲಿಗೆ ತಾಗಿಸಿಕೊಂಡು ತುಳಿಯುತ್ತಾರೆ. ಬುರ್ಖಾ, ಚೂಡಿದಾರ ತೊಟ್ಟವರಿಗೆ ಅಡ್ಡ ಪೈಪು ಇಲ್ಲದ ಫ್ರೇಮು, ಚೈನ್ ಕವರ್ ಅಲಂಕಾರವಲ್ಲ, ಅಗತ್ಯ. ಮೈ ನೋಯಿಸುವ ಸೈಕಲ್ ಮೂಲೆ ಸೇರುತ್ತದೆ, ಆಮೇಲೆ ಅಣ್ಣನ ಬೈಕು ಹೊರಬರುತ್ತದೆ. ಹದಿನೆಂಟು ತುಂಬದವರು ಗೇರಿನ ಬೈಕು ಓಡಿಸಿ ಸಿಕ್ಕರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು.

ಸದ್ಯಕ್ಕೆ ಖರ್ಚಿಲ್ಲದ ಕೆಲಸ ಒಂದಿದೆ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ಕಾಲುಗಳ ನಡುವೆ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ, 80 ಸೆಂ.ಮೀ. ಇದ್ದರೆ 70.6. ದೈಹಿಕ ಶಿಕ್ಷಣದ ಸರ್ ಒಂದು ಶನಿವಾರ ಮಧ್ಯಾಹ್ನ ಮೈದಾನ ಬಿಟ್ಟುಕೊಟ್ಟರೆ ಸ್ಟ್ಯಾಂಡಿನ ಅಷ್ಟೂ ಸೈಕಲ್ಲುಗಳ ಸೀಟು ಸರಿಮಾಡಬಹುದು. ಹುಡುಗಿಯರ ಅಳತೆಗೆ ಮೇಡಂ ಒಬ್ಬರು ಒಪ್ಪಬೇಕು. ಟೇಪು ನಾನು ತರುತ್ತೇನೆ, ಸ್ಪ್ಯಾನರ್ ಯಾರಾದರೂ ತನ್ನಿ.